ಮೂಳೆಯ ಸ್ಲೈಡಿನ ಕಪ್ಪು ಜೇಡಗಳು ನಾಲ್ಕೇ ದಿನಕ್ಕೆ ಮಾಯ!

ಪ್ರಶ್ನೆ:
ಬೇಯಿಸಿ ಒಣಗಿಸಿದ ಕುರಿಯ ತೊಡೆಮೂಳೆಯಿಂದ ಬಿಲ್ಲೆ ಕೊಯ್ದು, ಎಮರಿ ಕಾಗದದ ಮೇಲೆ ಎರಡು ಸಂಜೆ ಉಜ್ಜಿದೆ. ಡಿಪಿಎಕ್ಸ್ (ಸ್ಲೈಡಿಗೆ ಕವರ್‌ಸ್ಲಿಪ್ ಅಂಟಿಸುವ ದ್ರವ) ಹಾಕಿ ಕವರ್‌ಸ್ಲಿಪ್ ಮುಚ್ಚಿದ ರಾತ್ರಿ ಸೂಕ್ಷ್ಮದರ್ಶಕದಲ್ಲಿ ಕೋಶದ ಗೂಡುಗಳು ಕಾಲು ಚಾಚಿದ ಕಪ್ಪು ಜೇಡಗಳಂತೆ ಕಂಡವು. ಈಗ ಅಂಚಿನಿಂದ ಒಳಕ್ಕೆ ಅಳಿಸಿಹೋಗುತ್ತಿವೆ. ಬಣ್ಣ ಕರಗಿತೇ? ಕೋಶಗಳಿಗೆ ಹಾಕುವ ಹಿಮಟಾಕ್ಸಿಲಿನ್–ಇಯೋಸಿನ್ ಬಣ್ಣ ಹಾಕಿದರೆ ಮರಳಿ ಬಂದಾವೇ? ಪಠ್ಯಪುಸ್ತಕದ ಉಂಗುರಗಳಂತೂ ಎಲ್ಲೂ ಇಲ್ಲ.

ಉತ್ತರ 1:
ಕರಗಲು ಅಲ್ಲಿ ಬಣ್ಣವೇ ಇರಲಿಲ್ಲ, ಸರ್. ನೀವು ಕಂಡ ಕಪ್ಪು ಬರೀ ಗಾಳಿ. ಗೂಡಿನಲ್ಲಿ ಗಾಳಿ ಇರುವಷ್ಟು ಹೊತ್ತು ಬೆಳಕು ಚದುರಿ ಕಪ್ಪಾಗಿ ಕಾಣುತ್ತದೆ. ಡಿಪಿಎಕ್ಸ್ ತೆಳು, ಒಳಗೆ ನುಗ್ಗಿ ಗಾಳಿಯನ್ನು ಹೊರದಬ್ಬಿದೆ. ಸ್ಲೈಡನ್ನು ಡಿಪಿಎಕ್ಸ್ ಕರಗಿಸುವ ಕ್ಸೈಲೀನಿನಲ್ಲಿ ಮುಳುಗಿಸಿಡಿ. ಕವರ್‌ಸ್ಲಿಪ್ ತಾನಾಗಿ ಬಿಡಲಿ, ಕೀಳಬೇಡಿ. ಎರಡು ಮೂರು ಸಲ ಹೊಸ ಕ್ಸೈಲೀನ್, ಆಮೇಲೆ ಅಸಿಟೋನ್, ಬಳಿಕ ಚೆನ್ನಾಗಿ ಒಣಗಿಸಿ. ಬೆಂಕಿಯ ಹತ್ತಿರ ಇದು ಬೇಡ.

ಈ ಸಲ ಅಂಟಿಸಲು ಗಟ್ಟಿ ಕೆನಡಾ ಬಾಲ್ಸಮ್ (ಒಂದು ಮರದ ರಾಳ). ಸ್ಲೈಡಿನ ಮೇಲೆ ಹದವಾಗಿ ಬಿಸಿ ಮಾಡುತ್ತಾ, ಸೂಜಿಯ ತುದಿಯಲ್ಲಿ ಒಂದಿಷ್ಟು ತೆಗೆದು ಆರಿಸಿ ನೋಡಿ. ಉಗುರು ಒತ್ತಿದರೆ ಅಚ್ಚು ಬೀಳಬಾರದು. ಅದೇ ಪಾಕ! ಬಿಲ್ಲೆ ಇಟ್ಟು, ಕವರ್‌ಸ್ಲಿಪ್ ಒತ್ತಿ, ಕೂಡಲೇ ತಣ್ಣನೆಯ ಲೋಹದ ತಟ್ಟೆಯ ಮೇಲಿಡಿ. ತಡಮಾಡಿದರೆ ಇದೂ ಒಳಗೆ ಹರಿಯುತ್ತದೆ.

ಬೇಯಿಸಿದ ಒಣಮೂಳೆಗೆ ಹಿಮಟಾಕ್ಸಿಲಿನ್ ದಂಡ: ಗೂಡಿದೆ, ಹಕ್ಕಿ ಇಲ್ಲ. ಕೋಶಕೇಂದ್ರ ನೋಡಬೇಕಾದರೆ ಹಸಿ ಮೂಳೆಯನ್ನು ಫಾರ್ಮಲಿನ್‌ನಲ್ಲಿಟ್ಟು, ಆಮ್ಲದಲ್ಲೋ ಇಡಿಟಿಎಯಲ್ಲೋ ಸುಣ್ಣ ತೆಗೆದು, ಮೇಣದಲ್ಲಿ ಕೂರಿಸಿ ಕೊಯ್ಯಬೇಕು.

ಉತ್ತರ 2:
ಬಣ್ಣವೇ ಬೇಕೆಂದರೆ, ಜಿಡ್ಡು ತೆಗೆದ ದಪ್ಪ ಬಿಲ್ಲೆಯನ್ನು ಆಲ್ಕೋಹಾಲಿನಲ್ಲಿ ಕರಗಿಸಿದ 1% ಬೇಸಿಕ್ ಫುಕ್ಸಿನ್‌ನಲ್ಲಿ ಕೆಲವು ದಿನ ನೆನೆಸಿ, ಒಣಗಿಸಿ, ಆಮೇಲೆ ಉಜ್ಜಿ. ಮೇಲಿನ ಬಣ್ಣ ಸವೆದು ಹೋಗುತ್ತದೆ, ನಾಳಗಳೊಳಗಿನದು ಉಳಿಯುತ್ತದೆ. ಕೈಗವಸು ಮರೆಯಬೇಡಿ, ನನ್ನ ಬೆರಳು ವಾರವಿಡೀ ಕೆಂಪಾಗಿತ್ತು.

ಉಂಗುರ ಕಾಣದ್ದು ನಿಮ್ಮ ತಪ್ಪಲ್ಲ. ಎಳೆಯ ಕುರಿಯ ಮೂಳೆ ಬೇಗ ಬೆಳೆಯುವುದರಿಂದ ಅದರಲ್ಲಿ ಇಟ್ಟಿಗೆ ಗೋಡೆಯಂತಹ ಪದರಗಳೇ ಹೆಚ್ಚು. ನೀವು ಹುಡುಕಿದ ಹ್ಯಾವರ್ಸ್ ಉಂಗುರಗಳು (ರಕ್ತನಾಳದ ಸುತ್ತಲಿನ ಮೂಳೆಯ ಸುತ್ತುಗಳು) ಮುದಿ ಪ್ರಾಣಿಯಲ್ಲಿ ಹೆಚ್ಚಾಗಿ ಸಿಗುತ್ತವೆ. ಕಸಾಯಿ ಅಂಗಡಿಯಲ್ಲಿ ಎಳೆಯದ್ದನ್ನು ಕೇಳಿ ತಂದಿರಬೇಕು!

ಪ್ರಶ್ನೆ ಕೇಳಿದವರು:
ಹೌದು, ಸಾರಿಗೆಂದು ಎಳೆಯದ್ದೇ ತಂದಿದ್ದೆ. ಮೊದಲ ಬಾಲ್ಸಮ್ ಸೀದು ಕಂದಾಯಿತು. ಎರಡನೆಯದರಲ್ಲಿ ಜೇಡಗಳು ಮರಳಿವೆ. ಒಂದು ಮೂಲೆಯಲ್ಲಿ ಮಾತ್ರ ಇಲ್ಲ, ಅಲ್ಲಿ ಒತ್ತಲು ತಡಮಾಡಿದ್ದೆ.