ಡೆಬಿಯನ್‌ನಲ್ಲಿ ದೊಡ್ಡ ಕಡತಗಳನ್ನು ನಕಲು ಮಾಡುವಾಗ ಯುಎಸ್‌ಬಿ ಎಸ್‌ಎಸ್‌ಡಿ ನಡುವೆಯೇ ನಿಂತುಹೋಗುತ್ತಿದೆ

ಪ್ರಶ್ನೆ:
ನಮ್ಮ ಊರಿನ ಗ್ರಂಥಾಲಯದ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಆ ಕಡತಗಳನ್ನು ಡೆಬಿಯನ್ 12 (ಒಂದು ಬಗೆಯ ಲಿನಕ್ಸ್) ಇರುವ ಕಂಪ್ಯೂಟರಿನಿಂದ ಹೊರಗಿನ ಎಸ್‌ಎಸ್‌ಡಿಗೆ ನಕಲು ಮಾಡುತ್ತಿದ್ದೇನೆ. ಸಣ್ಣ ಕಡತಗಳು ತೊಂದರೆಯಿಲ್ಲದೆ ಹೋಗುತ್ತವೆ. ದೊಡ್ಡ ಫೋಲ್ಡರನ್ನು ಕಳುಹಿಸಿದರೆ ನಕಲು ಹಠಾತ್ತನೆ ನಿಂತು, ಸುಮಾರು ಅರ್ಧ ನಿಮಿಷದ ಬಳಿಕ ಮುಂದುವರಿಯುತ್ತದೆ. ಕೆಲವೊಮ್ಮೆ ಡ್ರೈವೇ ಕಾಣದಂತಾಗುತ್ತದೆ. ಡಿಮೆಸೇಜ್‌ನಲ್ಲಿ (ವ್ಯವಸ್ಥೆಯ ಸಂದೇಶಗಳ ದಾಖಲೆ) ‘ಯುಎಎಸ್_ಇಎಚ್_ಅಬಾರ್ಟ್_ಹ್ಯಾಂಡ್ಲರ್’ ಎಂಬ ಸಾಲು ಪದೇ ಪದೇ ಬರುತ್ತಿದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಇದೇ ಡ್ರೈವ್ ಸರಿಯಾಗಿ ಕೆಲಸ ಮಾಡುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಲು ಹೇಳುತ್ತಿದ್ದಾರೆ. ಅದರಿಂದ ಪ್ರಯೋಜನವಿದೆಯೇ?

ಉತ್ತರ 1:
ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ನೀವು ಕೊಟ್ಟಿರುವ ಆ ಒಂದು ಸಾಲು ಫೈಲ್ ಸಿಸ್ಟಮ್‌ನತ್ತ (ಫಾರ್ಮ್ಯಾಟ್ ಹೊಸದಾಗಿಸುವುದು ಅದನ್ನೇ) ಅಲ್ಲ, ಡ್ರೈವಿಗೂ ಕಂಪ್ಯೂಟರಿಗೂ ನಡುವಿನ ಸಂವಹನದತ್ತ ಬೆರಳು ತೋರಿಸುತ್ತದೆ. ಎಸ್‌ಎಸ್‌ಡಿಯನ್ನು ಹೊತ್ತಿರುವ ಪೆಟ್ಟಿಗೆಯೊಳಗೆ ಸಾಟಾ ಸಂಕೇತವನ್ನು ಯುಎಸ್‌ಬಿಗೆ ಬದಲಿಸುವ ಬ್ರಿಡ್ಜ್ ಚಿಪ್ ಇರುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಆದೇಶ ಮುಗಿದ ಮೇಲೆಯೇ ಮುಂದಿನದನ್ನು ಕಳುಹಿಸಲಾಗುತ್ತಿತ್ತು. ಯುಎಎಸ್ (ಯುಎಸ್‌ಬಿ ಅಟ್ಯಾಚ್ಡ್ ಸ್ಕಸಿ) ಎಂಬ ಹೊಸ ಪದ್ಧತಿಯಲ್ಲಿ ಹಲವು ಆದೇಶಗಳನ್ನು ಒಟ್ಟಿಗೆ ಸರದಿಯಲ್ಲಿ ಇಡಬಹುದು, ಅದರ ವೇಗಕ್ಕೆ ಇದೇ ಕಾರಣ. ಲಿನಕ್ಸ್‌ನಲ್ಲಿ ಇದನ್ನು ನಡೆಸುವ ಡ್ರೈವರ್ ತಂತ್ರಾಂಶ ಬಳಕೆಗೆ ಯೋಗ್ಯವಾದದ್ದು 2014ರ 3.15ನೇ ಕರ್ನಲ್‌ನಿಂದ (ಕರ್ನಲ್ ಎಂದರೆ ವ್ಯವಸ್ಥೆಯ ತಿರುಳು), ಡೆವಲಪರ್ ಹಾನ್ಸ್ ಡಿ ಖೂಡಾ ಅವರ ಶ್ರಮದಿಂದ. ಕೆಲವು ಚಿಪ್‌ಗಳ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಯುಎಎಸ್ ಬೆಂಬಲವಿದೆಯೆಂದು ಹೇಳಿಕೊಂಡರೂ ಒತ್ತಡ ಹೆಚ್ಚಾದಾಗ ಉತ್ತರಿಸದೆ ಸುಮ್ಮನಾಗುತ್ತದೆ. ಕರ್ನಲ್ ಸಾಮಾನ್ಯವಾಗಿ 30 ಸೆಕೆಂಡ್ ಕಾದು, ಆದೇಶವನ್ನು ರದ್ದುಪಡಿಸಿ, ಸಾಧನವನ್ನು ಮರುಹೊಂದಿಸುತ್ತದೆ. ನೀವು ಕಾಣುತ್ತಿರುವ ಅರ್ಧ ನಿಮಿಷದ ಮೌನ ಅದೇ.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಡ್ರೈವರ್ ಬದಲಿಸುವ ಮೊದಲು ವಿದ್ಯುತ್ ಮತ್ತು ಕೇಬಲ್ಲನ್ನು ಪರೀಕ್ಷಿಸಲೇಬೇಕು. ಯುಎಸ್‌ಬಿ 3 ಪೋರ್ಟ್ ಕೊಡಬೇಕಾದದ್ದು 900 ಮಿಲಿಆಂಪಿಯರ್. ಬರೆಯುವ ಹೊತ್ತಿನಲ್ಲಿ ಕೆಲವು ಎಸ್‌ಎಸ್‌ಡಿಗಳು ಅದಕ್ಕಿಂತ ಹೆಚ್ಚು ಎಳೆಯುತ್ತವೆ. ಮುಂಭಾಗದ ಪೋರ್ಟ್ ಬಿಟ್ಟು ಮದರ್‌ಬೋರ್ಡಿಗೇ ಸೇರಿರುವ ಹಿಂಭಾಗದ ಪೋರ್ಟಿಗೆ ಗಿಡ್ಡ ಕೇಬಲ್ಲಿನಿಂದ ಜೋಡಿಸಿ ನೋಡಿ. ಅಬಾರ್ಟ್ ಸಾಲಿಗಿಂತ ಮೊದಲೇ ‘ಯುಎಸ್‌ಬಿ ಡಿಸ್ಕನೆಕ್ಟ್’ ಎಂದು ಬಂದಿದ್ದರೆ ನನ್ನ ಅನುಮಾನ ವಿದ್ಯುತ್ತಿನ ಮೇಲೆಯೇ.

ಪ್ರಶ್ನೆ ಕೇಳಿದವರು:
ಹಿಂಭಾಗದ ಪೋರ್ಟಿನಲ್ಲಿ, ಬೇರೆ ಕೇಬಲ್ಲಿನಿಂದಲೂ ಅದೇ ಆಗುತ್ತಿದೆ. ಡಿಸ್ಕನೆಕ್ಟ್ ಎಂಬ ಸಾಲು ಅಬಾರ್ಟ್ ಆದ ನಂತರವೇ ಬರುತ್ತದೆ.

ಉತ್ತರ 1:
ಹಾಗಾದರೆ ಬ್ರಿಡ್ಜ್ ಚಿಪ್ಪಿನ ಕಡೆಗೇ ಹೋಗೋಣ. ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟರೆ ನಾಲ್ಕು ನಾಲ್ಕು ಅಕ್ಷರಗಳ, ನಡುವೆ ವಿಸರ್ಗದಂಥ ಚಿಹ್ನೆಯಿರುವ ಗುರುತು ಸಂಖ್ಯೆ ಕಾಣುತ್ತದೆ. ಅದನ್ನು ಗ್ರಬ್ (ಕಂಪ್ಯೂಟರ್ ಶುರುವಾಗುವಾಗ ಲಿನಕ್ಸನ್ನು ಎಬ್ಬಿಸುವ ತಂತ್ರಾಂಶ) ಸಂರಚನೆಯ ಕರ್ನಲ್ ಸಾಲಿನಲ್ಲಿ ‘ಯುಎಸ್‌ಬಿ-ಸ್ಟೋರೇಜ್.ಕ್ವಿರ್ಕ್ಸ್=’ ಎಂಬುದರ ಮುಂದೆ ಬರೆದು, ಕೊನೆಗೆ ಅದೇ ಚಿಹ್ನೆ ಹಾಕಿ ‘ಯು’ ಎಂಬ ಅಕ್ಷರ ಸೇರಿಸಿದರೆ, ಆ ಒಂದು ಸಾಧನಕ್ಕೆ ಮಾತ್ರ ಯುಎಎಸ್ ನಿಂತು ಹಳೆಯ ಪದ್ಧತಿ ಜಾರಿಗೆ ಬರುತ್ತದೆ. ಎಲ್ಲವನ್ನೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಅಪ್‌ಡೇಟ್-ಗ್ರಬ್ ನಡೆಸಿ, ಕಂಪ್ಯೂಟರನ್ನು ಮರಳಿ ಆರಂಭಿಸಬೇಕು.

ಉತ್ತರ 3:
‘ಯು’ ಹಾಕುವ ಮುನ್ನ ‘ಜಿ’ ಹಾಕಿ ನೋಡುವಂತೆ ಕೋರುತ್ತೇನೆ. ಅದು ಯುಎಎಸ್ ಅನ್ನು ಉಳಿಸಿಕೊಂಡೇ ಒಮ್ಮೆಗೆ 240 ಸೆಕ್ಟರ್‌ಗಳಿಗಿಂತ, ಅಂದರೆ 120 ಕಿಲೋಬೈಟ್‌ಗಿಂತ, ಹೆಚ್ಚು ದತ್ತಾಂಶ ಸಾಗದಂತೆ ತಡೆಯುತ್ತದೆ. ದೊಡ್ಡ ವರ್ಗಾವಣೆಗಳಲ್ಲಿ ಮಾತ್ರ ಎಡವುವ ಚಿಪ್‌ಗಳಿಗೆ ಇಷ್ಟೇ ಸಾಕಾಗಬಹುದು. ‘ಯು’ ಹಾಕಿದರೆ ವೇಗ ತಗ್ಗುವುದಲ್ಲದೆ, ಹಲವು ಸಂದರ್ಭಗಳಲ್ಲಿ ಟ್ರಿಮ್ ಸೌಲಭ್ಯವೂ (ಅಳಿಸಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವುದು) ಕೈತಪ್ಪುತ್ತದೆ.

ಯಾವ ಅಕ್ಷರದಿಂದ ಸರಿಹೋಯಿತೆಂದು ಇಲ್ಲಿ ತಿಳಿಸುವುದರ ಜೊತೆಗೆ, ಕರ್ನಲ್ ಆವೃತ್ತಿ, ಸಾಧನದ ಪೂರ್ಣ ವಿವರ ಮತ್ತು ಡಿಮೆಸೇಜ್ ದಾಖಲೆಯೊಡನೆ ಲಿನಕ್ಸ್-ಯುಎಸ್‌ಬಿ ಅಂಚೆಪಟ್ಟಿಗೂ ಬರೆಯಿರಿ. ಕರ್ನಲ್ ಮೂಲದಲ್ಲಿ ಇಂಥ ಸಾಧನಗಳಿಗೆಂದೇ ‘ಅನ್‌ಯೂಶುವಲ್_ಯುಎಎಸ್’ ಎಂಬ ಕಡತವಿದ್ದು, ಅದರಲ್ಲಿ ನಿಮ್ಮ ಚಿಪ್ಪಿನ ಗುರುತು ಸೇರಿದರೆ, ಅದೇ ಪೆಟ್ಟಿಗೆಯನ್ನು ಕೊಂಡ ಮತ್ತೊಬ್ಬರು ಗ್ರಬ್ ಅನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.