ಪಾಠಕ್ಕೆ ಆಡಿಯೊ ಸೇರಿಸಿದರೆ ಸಾಕಾ?

ಪ್ರಶ್ನೆ (ಬಸವನಗುಡಿ, ಪಿಯು ಅರ್ಥಶಾಸ್ತ್ರ ಉಪನ್ಯಾಸಕಿ):
ಮೂಡಲ್ ಎಂಬ ಆನ್‌ಲೈನ್ ಪಾಠದ ವೇದಿಕೆಯಲ್ಲಿರುವ ನನ್ನ ನೋಟ್ಸ್ ಎಲ್ಲ ಸ್ಕ್ಯಾನ್ ಮಾಡಿದ ಪಿಡಿಎಫ್. ಕಣ್ಣು ಕಾಣದ ಒಬ್ಬ ಹುಡುಗಿ ಎನ್‌ವಿಡಿಎ (ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ) ಬಳಸುತ್ತಾಳೆ, ಅದಕ್ಕೆ ಪುಟ ಬರೀ ಚಿತ್ರ. ನಾನೇ ಓದಿ ರೆಕಾರ್ಡ್ ಮಾಡಲಾ? ಅವಳು ತುಂಬಾ ಚುರುಕು, ಹಿಂದೆ ಬೀಳಬಾರದು.

ಉತ್ತರ ೧:
ಮಾಡಿ ಮೇಡಂ, ಆದರೆ ಪಠ್ಯವೂ ಬೇಕು. ಯುನಿಕೋಡ್‌ನಲ್ಲೇ (ಕನ್ನಡ ಅಕ್ಷರವನ್ನು ಕನ್ನಡವೆಂದೇ ಗುರುತಿಸುವ ಸಂಕೇತ) ಟೈಪ್ ಮಾಡಿಸಿ. ಹಳೆಯ ನುಡಿ ತಂತ್ರಾಂಶದ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡ ರೂಪ ಕೊಟ್ಟದ್ದು) ಆದರೆ ಸ್ಕ್ರೀನ್ ರೀಡರ್ ಏನೇನೋ ಓದುತ್ತದೆ. ಆಡಿಯೊ ತಾನಾಗೇ ಶುರುವಾಗಬಾರದು, ನಿಮ್ಮ ದನಿ, ಸ್ಕ್ರೀನ್ ರೀಡರ್ ದನಿ ಎರಡೂ ಒಟ್ಟಿಗೆ ಕೇಳಿಸುತ್ತವೆ.

ಉತ್ತರ ೨:
ರೆಕಾರ್ಡಿಂಗ್‌ನಲ್ಲಿ ‘ಇಲ್ಲಿ ನೋಡಿ’ ಅನ್ನಬೇಡಿ. ‘ಅಡ್ಡಕ್ಕೆ ಪ್ರಮಾಣ, ಲಂಬಕ್ಕೆ ಬೆಲೆ, ಬೇಡಿಕೆಯ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ’ ಅನ್ನಿ. ಅಧ್ಯಾಯಕ್ಕೊಂದು ಉದ್ದ ಫೈಲ್ ಬೇಡ, ವಿಷಯಕ್ಕೊಂದು ಚಿಕ್ಕದು ಸಾಕು.

ಕೇಳಿದವರು:
ತುಂಬಾ ಥ್ಯಾಂಕ್ಸ್! ಬೇಡಿಕೆ ಪಾಠದಿಂದಲೇ ಶುರು ಮಾಡ್ತೀನಿ, ಮೊದಲು ಅವಳಿಗೇ ಕೇಳಿಸ್ತೀನಿ.