'ಗುಣ', 'ವಾಸಿ', 'ಆರಾಮ': ಪೂರ್ತಿ ಹೋಗದ ಕಾಯಿಲೆಯ ಮಾತಿಗೆ ಯಾವ ಪದ?

ಒಂದೆರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಕ್ಯಾನ್ಸರ್ ಹರಡಿದ ಮೇಲೆ ರೋಗಿಗಳ ಜೊತೆ, ಅವರ ಮನೆಯವರ ಜೊತೆ ಹೇಗೆ ಮಾತಾಡಬೇಕು ಅಂತ ನರ್ಸುಗಳಿಗೆ ಹೇಳಿಕೊಡುವ ಒಂದು ಕೈಪಿಡಿಯ ಕನ್ನಡ ತಿದ್ದುತ್ತಿದ್ದೇನೆ. ದೊಡ್ಡ ಪದಗಳು ಕಾಡಲಿಲ್ಲ. ಬಯಾಪ್ಸಿ ಬಯಾಪ್ಸಿಯೇ, ಕೀಮೊ ಕೀಮೊನೇ. ಸಿಕ್ಕಿಹಾಕಿಕೊಂಡಿದ್ದು ದಿನಾ ಬಾಯಲ್ಲಿ ಓಡಾಡುವ 'ಗುಣ'ದಲ್ಲಿ.

"ಮಾತ್ರೆ ತಗೊಂಡ ಮೇಲೆ ಸ್ವಲ್ಪ ಗುಣ ಕಾಣ್ತಿದೆ" ಅಂದರೆ ಮೊದಲಿಗಿಂತ ಪರವಾಗಿಲ್ಲ ಅಂತ. "ಕಾಮಾಲೆ ಗುಣ ಆಯ್ತು" ಅಂದರೆ ಕಾಯಿಲೆ ಹೋಯಿತು ಅಂತ. 'ವಾಸಿ'ಯೂ ಹಾಗೇ. "ನಿನ್ನೆಗಿಂತ ಇವತ್ತು ವಾಸಿ" ಅನ್ನುವುದು ಬರೀ ಹೋಲಿಕೆ. "ಗಾಯ ವಾಸಿಯಾಯ್ತು" ಅಂದರೆ ಅಲ್ಲಿಗೆ ಮುಗಿಯಿತು. ನೆಗಡಿ, ಜ್ವರದ ಮಾತಿನಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಮಗಳು "ಕೀಮೊ ಕೊಟ್ರೆ ಅಪ್ಪನಿಗೆ ಗುಣ ಆಗುತ್ತಲ್ವಾ ಡಾಕ್ಟ್ರೇ?" ಅಂತ ಕೇಳುತ್ತಾಳೆ. "ಹೂಂ, ಗುಣ ಕಾಣಿಸುತ್ತೆ" ಅಂತ ಡಾಕ್ಟರು ಹೇಳುತ್ತಾರೆ. ಗಡ್ಡೆ ಕುಗ್ಗಬಹುದು, ಉಸಿರಾಟ ಸಲೀಸಾಗಬಹುದು, ಕೆಲವು ತಿಂಗಳು ಜಾಸ್ತಿ ಸಿಗಬಹುದು ಅನ್ನುವುದು ಡಾಕ್ಟರ ಮನಸ್ಸಿನಲ್ಲಿರುವುದು. ಅಪ್ಪ ಮೊದಲಿನ ಹಾಗೆ ಆಗುತ್ತಾರೆ ಅನ್ನುವುದು ಮಗಳು ಕೇಳಿಸಿಕೊಂಡದ್ದು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆರು ತಿಂಗಳ ಮೇಲೆ "ನೀವೇ ಗುಣ ಆಗುತ್ತೆ ಅಂದಿದ್ರಲ್ಲ" ಅಂತ ಜಗಳ ಶುರುವಾದಾಗಲೇ ಇದು ಗೊತ್ತಾಗುವುದು.

ಇದು ಕನ್ನಡಕ್ಕೆ ಮಾತ್ರ ಅಂಟಿದ ತಾಪತ್ರಯ ಅಲ್ಲ ಅನ್ನಿ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಮೆರಿಕದ ಒಂದು ಅಧ್ಯಯನ ಬಂದಿತ್ತು. ಹರಡಿದ ಕ್ಯಾನ್ಸರಿಗೆ ಕೀಮೊ ತೆಗೆದುಕೊಂಡವರನ್ನು, ಇದರಿಂದ ಕಾಯಿಲೆ ಹೋಗುವ ಸಾಧ್ಯತೆ ಎಷ್ಟು ಅಂತ ಕೇಳಿದ್ದರು. ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ 69%, ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರಲ್ಲಿ 81% ಮಂದಿಯ ಉತ್ತರ ನೋಡಿದರೆ, ಕೀಮೊದಿಂದ ಕಾಯಿಲೆ ಹೋಗುವುದಿಲ್ಲ ಅನ್ನುವುದು ಅವರಿಗೆ ಮನದಟ್ಟಾಗಿರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಅರ್ಥಕ್ಕೂ ಬೇರೆ ಬೇರೆ ಪದ ಇದ್ದೂ ಈ ಕತೆ. ಹಾಗಾಗಿ ಪದ ಸರಿಮಾಡಿದರೆ ಎಲ್ಲ ಸರಿಹೋಗುತ್ತೆ ಅಂತ ನಾನೇನೂ ಅಂದುಕೊಂಡಿಲ್ಲ. ಆದರೂ ಗೊಂದಲದ ಪದವನ್ನು ನಾವೇ ಬರೆದುಕೊಡುವುದು ಬೇಡ, ಅಲ್ವಾ?

ಸದ್ಯಕ್ಕೆ ಕೈಪಿಡಿಯಲ್ಲಿ "ಕಾಯಿಲೆ ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು" ಅಂತ ಇದೆ. ಮೊದಲರ್ಧ ನನಗೆ ಒಪ್ಪಿಗೆ. 'ಹೋಗುವುದಿಲ್ಲ'ಕ್ಕೆ ಎರಡು ಅರ್ಥ ಬರುವುದಿಲ್ಲ. 'ಹತೋಟಿ' ಮಾತ್ರ ಕಿರಿಕಿರಿ. ಶುಗರ್, ಬಿಪಿ ಇರುವವರು ಹತೋಟಿಯಲ್ಲಿ ಇಟ್ಟುಕೊಂಡು ಮೂವತ್ತು ವರ್ಷ ಬಾಳುತ್ತಾರೆ. ಆ ಲೆಕ್ಕವೇ ಇಲ್ಲಿಗೂ ಬಂದುಬಿಡುತ್ತದೆ. "ಆದಷ್ಟು ದಿನ ತಡೆದು ಹಿಡಿಯಬಹುದು" ಅಂದರೆ ಹೇಗೆ? ಹಿಡಿದದ್ದು ಒಂದು ದಿನ ಕೈ ಜಾರಬಹುದು ಅನ್ನುವ ಸುಳಿವು ಅದರಲ್ಲೇ ಇದೆ. ನನ್ನ ಓಟು ಇದಕ್ಕೆ.

ಇನ್ನೊಂದು, 'ಸ್ಪಂದಿಸು'. "ರೋಗಿ ಚಿಕಿತ್ಸೆಗೆ ಸ್ಪಂದಿಸುತ್ತಿಲ್ಲ" ಅಂತ ಪತ್ರಿಕೆಗಳು ಬರೆದೂ ಬರೆದೂ ಈಗ ಡಾಕ್ಟರುಗಳೂ ಹಾಗೇ ಹೇಳುತ್ತಾರೆ. ವಾಕ್ಯದ ಕರ್ತೃ ಯಾರು ನೋಡಿ. ರೋಗಿ! ತಪ್ಪೆಲ್ಲ ಅವರ ಮೇಲೆ ಹೊರಿಸಿದ ಹಾಗೆ. ನಮ್ಮ ಆಡುಮಾತು ಎಷ್ಟೋ ನ್ಯಾಯವಾಗಿದೆ: "ಜ್ವರ ಮಾತ್ರೆಗೆ ಬಗ್ತಿಲ್ಲ." ಇಲ್ಲಿ ಮೊಂಡು ಮಾಡುತ್ತಿರುವುದು ಜ್ವರ, ಮಲಗಿರುವವರಲ್ಲ. "ಕಾಯಿಲೆ ಈ ಔಷಧಿಗೆ ಬಗ್ಗುತ್ತಿಲ್ಲ" ಅಂತ ಬರೆದೆ. ಜೊತೆಗೆ ಕೆಲಸ ಮಾಡುವವರೊಬ್ಬರು "ತೀರಾ ಮನೆಮಾತಾಯ್ತು" ಅಂದರು. ಮನೆಯವರ ಹತ್ತಿರ ತಾನೇ ಮಾತಾಡುವುದು? ನಾನಂತೂ ಬಿಡುವುದಿಲ್ಲ.

ಕೈಪಿಡಿಯ ಮೂಲದಲ್ಲಿರುವುದು ಕೆಟ್ಟ ಸುದ್ದಿ ಹೇಳುವುದಕ್ಕೆ ಸ್ಪೈಕ್ಸ್ ಅನ್ನುವ ಆರು ಹಂತದ ಕ್ರಮ. ಬೇಲ್, ಬಕ್‌ಮನ್ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ್ದು. ಕೆಟ್ಟ ಸುದ್ದಿ ಹೇಳುವ ಮೊದಲು ರೋಗಿಗೆ ಈಗಾಗಲೇ ಏನು ತಿಳಿದಿದೆ, ಇನ್ನೂ ಎಷ್ಟು ತಿಳಿಯಬೇಕು ಅಂತಿದ್ದಾರೆ, ಇವೆರಡನ್ನೂ ಕೇಳಿಕೊಳ್ಳಿ ಅನ್ನುತ್ತದೆ ಅದು. ಒಳ್ಳೆಯ ಕ್ರಮವೇ. ಆದರೆ ಕರಡಿನಲ್ಲಿ "ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಗೊತ್ತು?" ಅಂತ ಇತ್ತು. ಜೋರಾಗಿ ಓದಿ ನೋಡಿ, ಬೈದ ಹಾಗಿಲ್ವಾ? "ಇಲ್ಲೀವರೆಗೆ ನಿಮಗೆ ಏನಂತ ಹೇಳಿದ್ದಾರೆ?" ಅಂತ ತಿದ್ದಿದೆ. ಎರಡನೆಯದಕ್ಕೆ "ಎಲ್ಲಾ ನಿಮಗೇ ಹೇಳಲಾ, ಜೊತೆಗೆ ಯಾರಾದ್ರೂ ಇರಲಾ?" ಅಂತ ಹಾಕಿದ್ದೇನೆ. ಇದಕ್ಕಿಂತ ಚೆನ್ನಾಗಿರುವುದು ಹೊಳೆದರೆ ಕೊಡಿ.

ಇನ್ನು ದೊಡ್ಡ ತಲೆನೋವು, ಪ್ಯಾಲಿಯೇಟಿವ್ ಕೇರ್, ಅಂದರೆ ದೊಡ್ಡ ಕಾಯಿಲೆ ಇರುವವರ ನೋವು, ನರಳಾಟ ಕಡಿಮೆ ಮಾಡುವ ಆರೈಕೆ. 'ಉಪಶಾಮಕ ಆರೈಕೆ' ಅಂತ ಪದವೇನೋ ಇದೆ, ಬೋರ್ಡಿನ ಮೇಲೆ ಚೆನ್ನಾಗಿಯೂ ಕಾಣುತ್ತದೆ. ಆಡಿದವರನ್ನು ನಾನು ಕಂಡಿಲ್ಲ. ವಿವರಿಸಲು ಹೊರಟರೆ ಕೇಳಿದವರು "ಅಂದ್ರೆ ಕೈಚೆಲ್ಲಿದ್ರಾ?" ಅನ್ನುತ್ತಾರೆ. ಹೆಸರಿನ ಗೋಜು ಯಾಕೆ, ಕೆಲಸ ಮುಖ್ಯ ಅನ್ನುವವರಿಗೆ ಒಂದು ಸಂಗತಿ: ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಸೆಂಟರ್ 2007ರಲ್ಲಿ ಈ ವಿಭಾಗದ ಹೆಸರನ್ನು ಸಪೋರ್ಟಿವ್ ಕೇರ್ ಅಂತ ಬದಲಿಸಿತು. ಆಮೇಲೆ ಅಲ್ಲಿಗೆ ಕಳಿಸಿದ ರೋಗಿಗಳ ಒಟ್ಟು ಸಂಖ್ಯೆ ಸುಮಾರು 41% ಏರಿತು. ಹೆಸರು ಕೇಳಿ ಹಿಂಜರಿಯುತ್ತಿದ್ದವರಲ್ಲಿ ಡಾಕ್ಟರುಗಳೂ ಇದ್ದರು ಅನ್ನುವುದು ಅಲ್ಲಿನವರೇ ಮಾಡಿದ ಸಮೀಕ್ಷೆಯಲ್ಲಿ ಕಂಡಿತ್ತು.

ನಾನು ಮೊದಲು 'ಆರಾಮದ ಆರೈಕೆ' ಅಂತ ಯೋಚಿಸಿದ್ದೆ. ಪುಟ್ಟದು, ಬಾಯಿಗೆ ಸಲೀಸು. ಆದರೆ ಉತ್ತರ ಕರ್ನಾಟಕದ ಕಡೆ "ಆರಾಮಿಲ್ಲ" ಅಂದರೆ ಕಾಯಿಲೆ ಬಿದ್ದಿದ್ದಾರೆ ಅಂತ, "ಆರಾಮ ಆತು" ಅಂದರೆ ಕಾಯಿಲೆ ಹೋಯಿತು ಅಂತ. ಒಂದು ಕಡೆ ನೋವಿಲ್ಲದೆ ಇರುವುದು, ಇನ್ನೊಂದು ಕಡೆ ಪೂರ್ತಿ ಗುಣ! ಬಿಟ್ಟು ಬಂದ ಗೊಂದಲಕ್ಕೇ ಮತ್ತೆ ಹೋಗಿ ಬಿದ್ದ ಹಾಗೆ. 'ಸಾಂತ್ವನ ಆರೈಕೆ' ಅನ್ನೋಣವೆಂದರೆ ಬರೀ ಸಮಾಧಾನದ ಮಾತು ಅನ್ನಿಸುತ್ತದೆ. ನೋವಿಗೆ ಮಾರ್ಫಿನ್ ಕೊಡುವುದು, ವಾಂತಿ ನಿಲ್ಲಿಸುವುದು, ಉಸಿರುಕಟ್ಟುವುದನ್ನು ಕಡಿಮೆ ಮಾಡುವುದು ಎಲ್ಲ ಸೇರಿರುವ ವೈದ್ಯಕೀಯ ಕೆಲಸ ಅದು. ಕೀಮೊ ನಡೆಯುತ್ತಿರುವಾಗಲೇ ಜೊತೆಜೊತೆಗೆ ಕೊಡುವಂಥದ್ದು ಕೂಡ. 'ನೋವು-ನರಳಾಟದ ಆರೈಕೆ' ಅಂತ ಒಬ್ಬರು ಸೂಚಿಸಿದರು. ಅರ್ಥ ಸರಿ, ಆದರೆ ಕೊಠಡಿಯ ಬಾಗಿಲ ಮೇಲೆ ಅದನ್ನು ಓದಿ ಒಳಗೆ ಬರುವವರ ಗತಿ ನೆನೆದು ಬೇಡ ಅಂದೆ.

ನನ್ನ ಪ್ರಶ್ನೆ ಇಷ್ಟು. ನಿಮ್ಮ ಕಡೆ 'ಗುಣ', 'ವಾಸಿ', 'ಹುಷಾರಾಗು', 'ನೆಟ್ಟಗಾಗು' ಇವುಗಳಲ್ಲಿ ಯಾವುದನ್ನಾದರೂ ಪೂರ್ತಿ ಹೋದ ಕಾಯಿಲೆಗೆ ಮಾತ್ರ ಬಳಸುತ್ತಾರಾ? 'ತಡೆದು ಹಿಡಿಯುವುದು' ಅನ್ನುವುದು ಎಲ್ಲ ಕಡೆ ಒಂದೇ ಥರ ಕೇಳಿಸುತ್ತಾ? ಪ್ಯಾಲಿಯೇಟಿವ್‌ಗೆ ನಿಮ್ಮ ಮನೆಯ ಹಿರಿಯರಿಗೆ ಹೇಳಿ ಅರ್ಥವಾಗುವ ಪದ ಯಾವುದಾದರೂ ಇದ್ದರೆ, ಅದನ್ನು ಸೇರಿಸಿದ ಒಂದು ಪೂರ್ತಿ ವಾಕ್ಯದ ಸಮೇತ ಬರೆಯಿರಿ. ಬಿಡಿ ಪದ ಕಳಿಸಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ.